ಎಣಿಸುವವನ ಕಿವಿ

ಕಿವಿ ಪರೀಕ್ಷೆಯ ಕೋಣೆಯನ್ನು ಮೊದಲ ಸಲ ನೋಡಿದವರು ಹೆಚ್ಚಾಗಿ ಕೇಳುವುದು ಒಂದೇ: "ಇದರ ಒಳಗೆ ಉಸಿರು ಕಟ್ಟುವುದಿಲ್ವಾ?" ಕಟ್ಟುವುದಿಲ್ಲ ಮಾರಾಯ್ರೇ, ಗಾಳಿ ಬರುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಗೋಡೆಗೆಲ್ಲ ತೂತು ತೂತಿನ ಹಲಗೆ, ನೆಲಕ್ಕೆ ದಪ್ಪ ಕಾರ್ಪೆಟ್, ನಡುವೆ ಎರಡು ಪದರದ ಗಾಜು. ರೋಗಿ ಒಳಗೆ, ನಾನು ಗಾಜಿನ ಈಚೆ ಆಡಿಯೋಮೀಟರಿನ ಮುಂದೆ. ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳಲ್ಲಿ ನಾನು ಮಣಿಪಾಲದಲ್ಲಿ ಆಡಿಯಾಲಜಿಸ್ಟ್ ಆಗಿ ಮಾಡುತ್ತಿದ್ದ ಕೆಲಸ ಇದು. ಬೆಳಗಿನಿಂದ ಸಂಜೆಯವರೆಗೆ ಜನ ಬರುತ್ತಲೇ ಇರುತ್ತಿದ್ದರು. ಆದರೆ ಅವರಲ್ಲಿ ಯಾರ ಹತ್ತಿರವೂ ಮಾತು ಎನ್ನುವಂಥ ಮಾತು ಆಡಲಿಕ್ಕೆ ಇರಲಿಲ್ಲ.

ಸಂಜೆ ಬಸ್ಸು ಹಿಡಿದು ಕಾಪುವಿನ ಮನೆಗೆ ಹೋದರೆ ಅಲ್ಲಿ ಅತ್ತೆ. ಅತ್ತೆಗೆ ಕಿವಿ ಮಂದ. ಸೊಸೆ ಕಿವಿಯದ್ದೇ ಕೆಲಸ ಮಾಡುವವಳು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು, ಯಂತ್ರ ಹಾಕಿಕೊಳ್ಳಿ ಎಂದರೆ ಮಾತ್ರ "ಎಂಕ್ ಮಾತ ಕೇಣುಂಡು" ಎಂದು ಗದರುತ್ತಿದ್ದರು. ತನಗೆ ಎಲ್ಲವೂ ಕೇಳುತ್ತದಂತೆ! ಗಂಡ ಕುವೈತಿನಲ್ಲಿ. ಶುಕ್ರವಾರ ಫೋನ್ ಬರುತ್ತಿತ್ತು. ಆ ಲೈನಿನಲ್ಲಿ ಮಾತು ಸ್ವಲ್ಪ ತಡವಾಗಿ ತಲುಪುತ್ತಿದ್ದುದರಿಂದ ಇಬ್ಬರೂ ಒಟ್ಟಿಗೆ ಶುರು ಮಾಡುತ್ತಿದ್ದೆವು, ಒಟ್ಟಿಗೆ ನಿಲ್ಲಿಸುತ್ತಿದ್ದೆವು. ನೀನು ಹೇಳು, ಇಲ್ಲ ನೀವು ಹೇಳಿ ಎನ್ನುವುದರಲ್ಲೇ ಅರ್ಧ ಹೊತ್ತು ಮುಗಿದುಹೋಗುತ್ತಿತ್ತು.

ಆ ದಿನಗಳಲ್ಲೇ ಒಬ್ಬ ರೋಗಿಯನ್ನು ಕಾರ್ಕಳದ ಕಡೆಯ ಒಂದು ಕಲ್ಲುಕೋರೆಯಿಂದ ಕರೆತಂದಿದ್ದರು. ಬಾಗಲಕೋಟೆ ಕಡೆಯವನು, ಮೂವತ್ತರ ಆಸುಪಾಸು, ಗಟ್ಟಿ ಆಳು. ಜೊತೆಗೆ ಹೆಂಡತಿ. ಕೋರೆಯಲ್ಲಿ ಮದ್ದು ಸಿಡಿಸುವಾಗ ಏನೋ ಅವಘಡವಾಗಿದೆ, ಮಾರನೆಯ ದಿನದಿಂದ ಎರಡೂ ಕಿವಿ ಕೇಳುವುದಿಲ್ಲ, ಮಾತೂ ಹೆಚ್ಚುಕಡಿಮೆ ನಿಂತಿದೆ ಎಂದು ಇ.ಎನ್.ಟಿ. ಡಾಕ್ಟರು ಬರೆದು ಕಳುಹಿಸಿದ್ದರು. ಸ್ಫೋಟದ ಕೇಸುಗಳನ್ನು ನಾನು ನೋಡಿದ್ದೆ. ಸಾಮಾನ್ಯವಾಗಿ ಕಿವಿಯ ಪರದೆ ಹರಿದಿರುತ್ತದೆ, ಇಲ್ಲವೇ ಒಳಗಿವಿಯ ನರಕ್ಕೆ ಪೆಟ್ಟಾಗಿರುತ್ತದೆ. ಇವನ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರೆ ಪರದೆ ಎರಡೂ ಕಡೆ ಚೆನ್ನಾಗಿತ್ತು.

ಹೆಡ್‌ಫೋನ್ ಹಾಕಿ ಕೂರಿಸಿದೆ. ಅವನು ನಾಲ್ಕನೇ ಕ್ಲಾಸಿನವರೆಗೆ ಓದಿದ್ದವನು, ಹಾಗಾಗಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದೆ: ಶಬ್ದ ಕೇಳಿದ ಕೂಡಲೇ ಬೆರಳು ಎತ್ತಬೇಕು, ಎಷ್ಟು ಸಣ್ಣ ಶಬ್ದವಾದರೂ ಸರಿ. ಓದಿ ತಲೆಯಾಡಿಸಿದ. ನಾನು ಶಬ್ದವನ್ನು ಮೆಲ್ಲನೆ ಏರಿಸುತ್ತಾ ಹೋದೆ. ಲಾರಿಯ ಹಾರ್ನು ಕಿವಿಯ ಪಕ್ಕದಲ್ಲೇ ಹೊಡೆದಷ್ಟು ಜೋರಿಗೆ ತಂದರೂ ಬೆರಳು ಏಳಲಿಲ್ಲ. ಆದರೆ ಒಂದು ವಿಷಯ ಕಣ್ಣಿಗೆ ಬಿತ್ತು. ಜೋರು ಶಬ್ದ ಕೊಟ್ಟಾಗಲೆಲ್ಲ ಅವನ ರೆಪ್ಪೆ ಅದುರುತ್ತಿತ್ತು, ಕುತ್ತಿಗೆಯ ನರ ಪಟಪಟ ಹೊಡೆದುಕೊಳ್ಳುತ್ತಿತ್ತು, ಮೊಣಕಾಲ ಮೇಲಿದ್ದ ಬೆರಳು ಒಂದು ಕೂದಲೆಳೆಯಷ್ಟು ಎದ್ದು ಮತ್ತೆ ಮಲಗುತ್ತಿತ್ತು. ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

"ಇದು ಬರೀ ನಾಟಕ ಡಾಕ್ಟ್ರೇ," ಎಂದರು ನಮ್ಮ ಅಟೆಂಡರ್, ಆ ವಿಭಾಗದಲ್ಲಿ ನನಗಿಂತ ಹಳಬರು. "ಕೆಲಸಕ್ಕೆ ಹೋಗ್ಲಿಕ್ಕೆ ಉದಾಸೀನ ಆಗಿರಬೇಕು."

ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಕಿವುಡು ನಟಿಸುವವರು ನಮ್ಮಲ್ಲಿಗೆ ಬಂದದ್ದಿದೆ. ಆದರೆ ಅವರು ಮುಖ ಮಾಡುತ್ತಾರೆ, ಕೈಯನ್ನು ಕಿವಿಯ ಹತ್ತಿರ ಹಿಡಿದು "ಆಂ? ಆಂ?" ಎನ್ನುತ್ತಾರೆ. ಇವನು ಹಾಗೆ ಏನೂ ಮಾಡಲಿಲ್ಲ. ಪರೀಕ್ಷೆಗೆ ಕೂತ ಶಾಲೆಯ ಮಕ್ಕಳ ಹಾಗೆ ಇಡೀ ಮೈ ಬಿಗಿ ಹಿಡಿದು ಕಾಯುತ್ತಿದ್ದ. ಅದು ನನಗೆ ತಲೆಬಿಸಿ ಹತ್ತಿಸಿತು.

ಮುಂದಿನ ವಾರ 'ಬೇರಾ' ಎಂದು ನಾವು ಕರೆಯುವ ಪರೀಕ್ಷೆ ಮಾಡಿದೆ. ಇದರಲ್ಲಿ ರೋಗಿ ಏನೂ ಹೇಳಬೇಕಾಗಿಲ್ಲ. ಹಣೆಗೆ, ಕಿವಿಯ ಹಿಂದೆ ಚರ್ಮವನ್ನು ಉಜ್ಜಿ ಪೇಸ್ಟ್ ಹಚ್ಚಿ ಎಲೆಕ್ಟ್ರೋಡು ಅಂಟಿಸುವುದು, ಕಿವಿಗೆ ಟಕ್ ಟಕ್ ಎಂಬ ಸದ್ದು ಬಿಡುವುದು, ಮೆದುಳಿನ ಬುಡದವರೆಗೆ ಆ ಸದ್ದು ಮುಟ್ಟಿತೋ ಇಲ್ಲವೋ ಎಂದು ಪರದೆಯ ಮೇಲೆ ಅಲೆಗಳಲ್ಲಿ ನೋಡುವುದು. ರೋಗಿ ಮೈ ಸಡಿಲ ಬಿಟ್ಟು ಮಲಗಿದರೆ ಅಲೆ ಶುದ್ಧವಾಗಿ ಬರುತ್ತದೆ. ಇವನ ದವಡೆ, ಕುತ್ತಿಗೆ ಬಿಗಿದೇ ಇತ್ತು, ಪರದೆ ತುಂಬ ಗೀಚು. ಎರಡು ಸಲ ಬಿಟ್ಟು ಬಿಟ್ಟು ಮಾಡಿದೆ. ಮಧ್ಯಾಹ್ನ ಆಯಾಸದಿಂದ ಅವನಿಗೆ ಜೊಂಪು ಹತ್ತಿದಾಗ ಅಲೆ ಬಂತು. ಎರಡೂ ಕಿವಿಯಲ್ಲಿ, ಪಿಸುಮಾತಿನಷ್ಟು ಸಣ್ಣ ಸದ್ದಿಗೂ ಬಂತು. ಅವನ ಕಿವಿ ನನ್ನ ಕಿವಿಗಿಂತ ಚೆನ್ನಾಗಿತ್ತು.

ಹೊರಗೆ ಬಂದು ಹೆಂಡತಿಗೆ ಹೇಳಿದೆ. "ನೋಡಿಯಮ್ಮ, ಕಿವಿಗೆ ಎಂತದೂ ಆಗ್ಲಿಲ್ಲ. ಸರಿ ಉಂಟು. ಅವರಿಗೆ ಕೇಳ್ತದೆ."

ಸಮಾಧಾನವಾಗಬಹುದು ಎಂದುಕೊಂಡಿದ್ದೆ. ಅವಳ ಮುಖ ಕೆಂಪಾಯಿತು. "ಹಂಗಾರ ನನ್ನ ಗಂಡ ಸುಳ್ಳ ಹೇಳ್ತಾನೇನ್ರಿ ಅಕ್ಕಾರ? ಮೂರು ತಿಂಗಳಾತು, ಮಗ್ಗಲದಾಗ ಕುಂತು ಒದರಿದ್ರೂ ತಿರಗಿ ನೋಡಂಗಿಲ್ಲ. ನಿಮ್ಮ ಮಷೀನಿಗೆ ಗೊತ್ತಾತು, ನನಗ ಗೊತ್ತಾಗ್ಲಿಲ್ಲ?"

"ಸುಳ್ಳು ಅಂತ ನಾನೆಲ್ಲಿ ಹೇಳಿದೆ?"

"ಮತ್ತ ಇನ್ನೇನ್ರಿ? ಕಿವಿಗೆ ಹಾಕೂ ಮಷೀನ್ ಕೊಡ್ರಿ ಅಂದ್ರ ಕೊಡವಲ್ರಿ. ಉಡುಪಿಯೊಳಗ ಯಾರೋ ಪುಕ್ಕಟೆ ಕೊಡಾಕತ್ತಾರಂತ. ಅಲ್ಲಿಗೆ ಒಯ್ತೀನಿ ಬಿಡ್ರಿ."

ಉಡುಪಿಯಲ್ಲಿ ಯಾರೋ ಶಿಬಿರ ಇಟ್ಟು ಕಿವಿಯಂತ್ರ ಹಂಚುತ್ತಾರೆ ಎಂಬ ಸುದ್ದಿ ನನಗೂ ಬಂದಿತ್ತು. ಚೆನ್ನಾಗಿರುವ ಕಿವಿಗೆ ಪೂರಾ ಕಿವುಡರ ಯಂತ್ರ ಸಿಕ್ಕಿಸಿದರೆ ಇರುವ ಕಿವಿಯೂ ನಿಜವಾಗಿ ಹೋಗುತ್ತದೆ, ಮತ್ತೆ ಯಾವ ದೇವರೂ ತಂದುಕೊಡಲಾರ. ಅದನ್ನೇ ಅವಳಿಗೆ ಬಿಡಿಸಿ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಅವಳು ಸೆರಗು ಕೊಡವಿ ಗಂಡನ ಕೈ ಹಿಡಿದುಕೊಂಡು ನಡೆದೇಬಿಟ್ಟಳು. ಮುಂದಿನ ಎರಡು ಸಲದ ಅಪಾಯಿಂಟ್‌ಮೆಂಟಿಗೆ ಬರಲಿಲ್ಲ.

ನನ್ನ ಕೆಲಸ ನನ್ನ ಮಟ್ಟಿಗೆ ಅಲ್ಲಿಗೆ ಮುಗಿದಿತ್ತು. ರಿಪೋರ್ಟು ಬರೆದು ಕೊಟ್ಟಾಗಿತ್ತು. ಆದರೂ ಆಸ್ಪತ್ರೆಗೆ ರಜೆ ಇದ್ದ ಒಂದು ದಿನ, ಅತ್ತೆಗೆ ಮದುವೆಗೆ ಹೋಗುವುದುಂಟು ಎಂದು ಹೇಳಿ, ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋದೆ. ಯಾಕೆ ಹೋದೆ ಎಂದು ಸಹೋದ್ಯೋಗಿಗಳು ಆಮೇಲೆ ಕೇಳಿದರು. ಮನೆಯಲ್ಲಿ ಕೂತು ಮಾಡುವುದು ಎಂತದಿತ್ತು? ಆ ಅರ್ಧ ಎದ್ದು ಮಲಗುವ ಬೆರಳು ನನ್ನನ್ನು ಕೂರಲು ಬಿಡುತ್ತಿರಲಿಲ್ಲ.

ಕೋರೆಗೆ ರಜೆ ಇರಲಿಲ್ಲ. ಶೀಟು ಹೊದಿಸಿದ ಶೆಡ್ಡುಗಳ ಸಾಲಿನಲ್ಲಿ ಅವರದ್ದು ಕೊನೆಯದು. ಒಳಗೆ ಅವನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಅಂಗಿಯ ಕಿಸೆಯಲ್ಲಿ ಯಂತ್ರದ ಡಬ್ಬಿ, ಅದರಿಂದ ಕಿವಿಗೆ ಹೋದ ವಯರು. ಹೆಂಡತಿ ಆ ಡಬ್ಬಿಯ ಹತ್ತಿರ ಬಾಯಿಟ್ಟು "ಕೇಳತೈತೇನು? ಕೇಳತೈತೇನು?" ಎಂದು ಕೂಗುತ್ತಿದ್ದಳು. ಅವನ ಎರಡು ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. ನೋವಾಗುತ್ತಿದೆ ಎನ್ನುವುದು ನೋಡಿದರೇ ತಿಳಿಯುತ್ತಿತ್ತು. ಆದರೆ ಅವನು ಅದನ್ನು ಕೀಳಲಿಲ್ಲ, ಕೈಯನ್ನೂ ಎತ್ತಲಿಲ್ಲ, ಸುಮ್ಮನೆ ತಡೆದುಕೊಂಡಿದ್ದ. ನಾನು ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಆ ವಯರು ಎಳೆದು ತೆಗೆದೆ. ಡಬ್ಬಿಯ ವಾಲ್ಯೂಮು ಪೂರ್ತಿ ಏರಿಸಿದ್ದರು.

"ಕಸಗೊಂಡ್ರಲ್ಲ!" ಎಂದು ಹೆಂಡತಿ ನನ್ನ ಮೇಲೆ ಏರಿ ಬಂದಳು.

ಅಷ್ಟರಲ್ಲಿ ಹೊರಗೆ ಸೀಟಿ ಊದಿದರು. ಜಗಳ ಅಲ್ಲಿಗೇ ನಿಂತಿತು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಶೆಡ್ಡಿನೊಳಗೆ ಓಡಿದರು. ಇವಳು ನನ್ನ ರಟ್ಟೆ ಹಿಡಿದು ಗೋಡೆಯ ಮರೆಗೆ ನೂಕಿದಳು. "ಮದ್ದು ಹಾರಸ್ತಾರ್ರಿ, ಹೊರಗ ತಲಿ ಹಾಕಬ್ಯಾಡ್ರಿ."

ಬಾಗಿಲ ಸಂದಿಯಿಂದ ಒಂದು ದಿಬ್ಬ ಕಾಣುತ್ತಿತ್ತು. ಅದರ ಮೇಲೆ ಬಂಡೆಯ ಮರೆಯಲ್ಲಿ ಒಬ್ಬ ಕುಕ್ಕುರುಗಾಲಿನಲ್ಲಿ ಕೂತಿದ್ದ. ಕಲ್ಲಿಗೆ ಕೊರೆದ ಕುಳಿಗಳಲ್ಲಿ ಮದ್ದು ತುಂಬಿ ಒಂದೊಂದಕ್ಕೂ ಬೇರೆ ಬೇರೆ ಉದ್ದದ ಬತ್ತಿ ಇಡುತ್ತಾರೆ, ಅವು ಒಂದಾದ ಮೇಲೆ ಒಂದು ಸಿಡಿಯಬೇಕು, ಆ ದಿಬ್ಬದ ಮೇಲಿನವನು ಎಣಿಸಬೇಕು. ಹಚ್ಚಿದ ಕುಳಿಗಳಷ್ಟೂ ಸಿಡಿದ ಮೇಲೆ ಅವನು ಎದ್ದು ನಿಂತು ಕೈ ಎತ್ತುತ್ತಾನೆ. ಆ ಕೈ ಕಾಣುವವರೆಗೆ ಯಾರೂ ಕೆಳಗೆ ಇಳಿಯುವ ಹಾಗಿಲ್ಲ. ಇದನ್ನೆಲ್ಲ ಅವಳು ಪಿಸುದನಿಯಲ್ಲಿ ಹೇಳುತ್ತಿದ್ದಂತೆ ಮೊದಲ ಸ್ಫೋಟವಾಯಿತು. ಕಾಲಡಿಯ ನೆಲ ಅದುರಿತು.

ನಾನು ತಿರುಗಿ ಅವನನ್ನು ನೋಡಿದೆ. ಕಣ್ಣು ಮುಚ್ಚಿದ್ದ. ಒಂದೊಂದು ಸ್ಫೋಟಕ್ಕೂ ಅವನ ಬೆರಳು ಒಂದೊಂದೇ ಮಡಚಿಕೊಳ್ಳುತ್ತಿತ್ತು. ಕಡೆಯದು ಮುಗಿದು ದಿಬ್ಬದ ಮೇಲಿನವನು ಕೈ ಎತ್ತಿದ, ಗಂಡಸರು ಮರೆಯಿಂದ ಹೊರಗೆ ಬಂದರು. ಇವನು ಮಾತ್ರ ಕಣ್ಣು ಮುಚ್ಚಿಕೊಂಡೇ ತಲೆ ಅಲ್ಲಾಡಿಸುತ್ತಿದ್ದ. ಬೇಡ, ಬೇಡ, ಬೇಡ ಎನ್ನುವಂತೆ. ತುಂಬಾ ಹೊತ್ತು ಅಲ್ಲಾಡಿಸುತ್ತಲೇ ಇದ್ದ.

"ಇವರು ಇಲ್ಲಿ ಎಂತ ಕೆಲಸ ಮಾಡ್ತಿದ್ದದ್ದು?" ಎಂದು ಕೇಳಿದೆ.

"ಎಣಸಾಂವ ರೀ," ಎಂದಳು. ಆಮೇಲೆ ನೆಲಕ್ಕೆ ಕುಸಿದು ಕೂತು ಉಳಿದದ್ದನ್ನು ಹೇಳಿದಳು. "ಆವತ್ತು ಮದ್ದಿನಾಗ ಸತ್ತಾಂವ ನನ್ನ ತಮ್ಮ. ಇವ ಕೈ ಎತ್ತಿದಾ, ಅಂವ ಕೆಳಗ ಇಳದಾ. ಒಂದು ಕುಳಿ ಉಳದಿತ್ತು. ಹೆಂಗ ತಪ್ಪಿತು ಅಂತ ಇವನ್ನ ಕೇಳಬೇಕಂದ್ರ ಮರದಿನದಿಂದ ಕಿವೀನ ಹೋದ್ವು. ಮಂದಿ ಹಣೇಬರಾ ಅಂತಾರ. ನನಗ ಇವನ ಬಾಯಿಂದ ಕೇಳಬೇಕ್ರಿ ಅಕ್ಕಾರ. ಅದಕ್ಕ ಮಷೀನ್ ಬೇಕಿತ್ತು."

ಯಂತ್ರವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ, ಅವಳು ತಡೆಯಲಿಲ್ಲ. ಬರುವ ವಾರ ಖಂಡಿತ ಕರೆದುಕೊಂಡು ಬನ್ನಿ, ಅವರ ಬಾಯಿಂದ ಕೇಳಬೇಕಾದರೆ ಇದೊಂದೇ ದಾರಿ ಎಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಗೆ ತಲೆಯಿಟ್ಟಾಗ ಅಳು ಬಂತು. ಪಕ್ಕದಲ್ಲಿ ಕೂತ ಮೀನಿನ ಬುಟ್ಟಿಯ ಹೆಂಗಸು "ದಾನೆ ಆಂಡ್ ಮಗಾ?" ಎಂದು ಕೇಳಿದರು. ಏನಾಯಿತು ಎಂದು ಕೇಳಿದ್ದಕ್ಕೆ ಕಣ್ಣು ಒರೆಸಿಕೊಂಡು ತಲೆನೋವು ಎಂದೆ.

ಮರುದಿನ ನಮ್ಮ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋದೆ. ಹಿರಿಯರು, ಮಾತು ಕಡಿಮೆ, ಮೇಜಿನ ಮೇಲೆ ಯಾವಾಗಲೂ ಚಹಾದ ಫ್ಲಾಸ್ಕು. ಎಲ್ಲ ಕೇಳಿಸಿಕೊಂಡು ಅವರೆಂದದ್ದು ಇಷ್ಟು: "ಕಿವಿ ಸರಿ ಉಂಟು ಅಂತ ನೀನು ಹೇಳಿದೆ ಅಲ್ವಾ? ಅವನ ಮಟ್ಟಿಗೆ ಅದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಕಿವಿ ಸರಿ ಇದ್ದರೆ ಆವತ್ತು ತಪ್ಪಿದ್ದು ಯಾರು?"

"ಹಾಗಾದರೆ ಬೇಕೂಂತ ಮಾಡ್ತಿದ್ದಾನಾ ಸರ್?"

"ಇಲ್ಲ ಮಾರಾಯ್ತಿ. ಸುಳ್ಳು ಹೇಳುವವನಿಗೆ ತಾನು ಸುಳ್ಳು ಹೇಳ್ತಾ ಇದ್ದೇನೆ ಅಂತ ಗೊತ್ತಿರ್ತದೆ. ಇವನಿಗೆ ನಿಜಕ್ಕೂ ಕೇಳುವುದಿಲ್ಲ. ಸದ್ದು ಒಳಗೆ ಹೋಗ್ತದೆ, ಮೈಗೆ ಮುಟ್ಟುತ್ತದೆ, ಅದಕ್ಕೇ ಬೆವರುವುದು, ನಡುಗುವುದು. ಇವನಿಗೆ ಮಾತ್ರ ಮುಟ್ಟುವುದಿಲ್ಲ. ತಡೆಯಲಾಗದ್ದನ್ನು ಮೈ ಹೀಗೆ ಹೊರುತ್ತದೆ. ನೀನು ಹಿಡಿದು ಒಪ್ಪಿಸ್ಲಿಕ್ಕೆ ಹೋಗ್ಬೇಡ, ಒಪ್ಪಿಸಿದರೆ ಇನ್ನೂ ಒಳಗೆ ಹೋಗ್ತಾನೆ. ನನ್ನ ಹತ್ತಿರವೂ ಕಳಿಸು. ನಿದ್ದೆ ಮೊದಲು ಸರಿ ಮಾಡುವ."

ಆಮೇಲೆ ಕೋಣೆಗೆ ಬಂದು ಒಬ್ಬಳೇ ಕೂತು ಯೋಚಿಸಿದೆ. ನಾನು ಅವನಿಗೆ ಕೊಟ್ಟ ಪರೀಕ್ಷೆ ಯಾವುದು? ಸುಮ್ಮನೆ ಕೂತು ಸದ್ದಿಗೆ ಕಾಯಬೇಕು, ಕೇಳಿದ ಕೂಡಲೇ ಎತ್ತಬೇಕು. ಅಯ್ಯೋ ದೇವರೇ! ದಿಬ್ಬದ ಮೇಲೆ ಅವನು ಮಾಡಿದ ಕೆಲಸವನ್ನೇ ಮತ್ತೆ ಮತ್ತೆ ಮಾಡು ಎನ್ನುತ್ತಿದ್ದೆ. ಅವನ ಬೆರಳು ಅರ್ಧ ಎದ್ದು ಮಲಗದೆ ಇನ್ನೇನು ಮಾಡೀತು? ಇನ್ನು ಈ ಮನುಷ್ಯನನ್ನು ಆ ಕುರ್ಚಿಯಲ್ಲಿ ಕೂರಿಸುವುದಿಲ್ಲ ಎಂದು ತೀರ್ಮಾನ ಮಾಡಿದೆ. ಅವನು ಈಚೆ ಕೂರಲಿ, ನಾನು ಒಳಗೆ ಹೋಗುತ್ತೇನೆ.

ಮುಂದಿನ ವಾರ ಗಂಡ ಹೆಂಡತಿ ಬಂದಾಗ ಅಟೆಂಡರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. "ಲಕ್ಷಗಟ್ಟಲೆಯ ಮಷೀನು ಡಾಕ್ಟ್ರೇ, ಕಲ್ಲು ಒಡೆಯುವವನ ಕೈಗೆ ಕೊಡ್ತೀರಾ?"

"ಮುರಿದರೆ ನನ್ನ ಸಂಬಳದಲ್ಲಿ ಹಿಡಿಯಲಿ. ನೀವು ಬಾಗಿಲು ಹಾಕಿ."

ಸದ್ದಿನ ಮಟ್ಟವನ್ನು ತೀರಾ ಕೆಳಗೆ ಇಳಿಸಿ ಇಟ್ಟೆ. ಗುಂಡಿಯನ್ನು ಹೇಗೆ ಒತ್ತಬೇಕು, ಒತ್ತಿದಾಗ ಯಾವ ದೀಪ ಹತ್ತುತ್ತದೆ ಎಂದು ಅವನಿಗೆ ತೋರಿಸಿದೆ. ಮನಸ್ಸು ಬಂದಾಗ ಒತ್ತಿ, ನಾನು ಬೆರಳು ಎತ್ತುತ್ತೇನೆ, ಸರಿಯಾ ತಪ್ಪಾ ನೋಡಿ ಎಂದು ಬರೆದು ಕೊಟ್ಟೆ. ಅವನು ಹೆದರಿಕೊಂಡೇ ಕೂತ. ಒಂದು ಬೆರಳಿನಿಂದ ಗುಂಡಿಯನ್ನು ಮುಟ್ಟಿ ನೋಡಿದ.

ಆ ಕೋಣೆಯೊಳಗೆ ರೋಗಿಯ ಕುರ್ಚಿಯಲ್ಲಿ ನಾನು ಕೂತದ್ದು ಕಲಿಯುವ ದಿನಗಳಲ್ಲಿ, ಆಮೇಲೆ ಇದೇ ಮೊದಲು. ಬಾಗಿಲು ಮುಚ್ಚಿದ ಕೂಡಲೇ ಲೋಕ ಇಲ್ಲವಾಯಿತು. ಮೊದಲು ಒಂದೆರಡು ಸಲ ಪೀ ಎಂಬ ಸಣ್ಣ ಸ್ವರ ಕೇಳಿತು, ಬೆರಳು ಎತ್ತಿದೆ. ಅವನು ಸರಿ ಎಂದು ತಲೆಯಾಡಿಸಿದ. ಮತ್ತೆ ಬಹಳ ಹೊತ್ತು ಏನೂ ಇಲ್ಲ. ನನ್ನ ರಕ್ತ ಓಡುವುದು, ನಾನು ಎಂಜಲು ನುಂಗುವುದು ಕೇಳುತ್ತಿತ್ತು. ಗಾಜಿನಾಚೆ ಆ ಮನುಷ್ಯನ ಮುಖ, ಅದರಲ್ಲಿ ತುಟಿ ಅಲ್ಲಾಡುವುದಿಲ್ಲ. ಇಷ್ಟು ವರ್ಷ ಎಷ್ಟೋ ಜನರನ್ನು ಇಲ್ಲಿ ಕೂರಿಸಿ ಗಡಿಯಾರ ನೋಡುತ್ತಾ ಈಚೆ ಇದ್ದೆನಲ್ಲ, ಇಲ್ಲಿ ಕೂತವರು ಎಷ್ಟು ಒಂಟಿ ಎನ್ನುವುದು ನನಗೆ ತಿಳಿದೇ ಇರಲಿಲ್ಲ. ಏನಾದರೊಂದು ಕೇಳಲಿ ಎಂದು ಮೈಯೆಲ್ಲ ಕಿವಿಯಾಗಿ ಕಾದೆ. ಅಗೋ, ಕೇಳಿತು. ಬೆರಳು ಎತ್ತಿದೆ.

ಅವನು ಇಲ್ಲ ಎಂದು ಕೈ ಆಡಿಸಿದ.

ಮತ್ತೆ ಕಾದೆ. ಈ ಸಲ ಸಂಶಯವೇ ಇರಲಿಲ್ಲ, ಸ್ಪಷ್ಟವಾಗಿ ಕೇಳಿತು. ಎತ್ತಿದೆ. ಅವನು ಎದ್ದು ನಿಂತ. ಗಾಜನ್ನು ಬಡಿದ. ಅಷ್ಟಕ್ಕೇ ನಿಲ್ಲದೆ ಬಾಗಿಲು ತೆರೆದು ಒಳಗೇ ಬಂದ.

"ನಾ ಒತ್ತಿಲ್ರೀ," ಎಂದ. ತಿಂಗಳುಗಟ್ಟಲೆ ಬಳಸದ ಗಂಟಲು ಕರಕರ ಎನ್ನುತ್ತಿತ್ತು.

ಇದನ್ನು ನಾನು ಮೊದಲೇ ಹೂಡಿಟ್ಟಿರಲಿಲ್ಲ. ಜಾಗ ಬದಲಿಸಿದ್ದು ನನ್ನ ಯೋಚನೆ, ತಪ್ಪು ಕೇಳಿದ್ದು ನಿಜವಾಗಿಯೂ ತಪ್ಪೇ. ನನಗೆ ನಾಚಿಕೆಯಾಯಿತು. ಹೆಡ್‌ಫೋನ್ ಬಿಚ್ಚಿ ಮೊಳೆಗೆ ಸಿಕ್ಕಿಸುತ್ತಾ ಗೋಡೆಯ ಕಡೆಗೇ ಮುಖ ಮಾಡಿ ಗೊಣಗಿದೆ. "ನನಗೆ ಕೇಳಿಸಿತು ಮಾರಾಯ್ರೇ, ಎಂತ ಮಾಡುವುದು?"

"ಒತ್ತಲಾರದ ಹೆಂಗ ಕೇಳತೈತ್ರಿ?"

"ಕಾದೂ ಕಾದೂ ಕೂತರೆ ಹಾಗೇ. ಕಿವಿ ಎಲ್ಲಿಂದಲೋ ಏನೋ ತಂದುಕೊಡ್ತದೆ. ಎಲ್ಲರಿಗೂ ಹಾಗೇ ಆಗುವುದು, ಚಂದದ ಕಿವಿ ಇದ್ದವರಿಗೂ. ಅದಕ್ಕೇ ನಾವು ಒಂದೇ ಸಲ ಕೇಳಿದ್ದನ್ನು ನಂಬುವುದಿಲ್ಲ, ಮತ್ತೆ ಮತ್ತೆ ಕೇಳಿಸಿ ನೋಡುವುದು."

ಇಷ್ಟು ಹೇಳಿ ತಿರುಗಿದ ಮೇಲೆಯೇ ನನ್ನ ತಲೆಗೆ ಹೊಕ್ಕಿದ್ದು, ಅವನಿಗೆ ನನ್ನ ಬೆನ್ನು ಮಾತ್ರ ಕಾಣುತ್ತಿತ್ತು, ತುಟಿ ಕಂಡಿರಲಿಲ್ಲ, ಆದರೂ ಉತ್ತರ ಕೊಟ್ಟಿದ್ದ. ಅವನಿಗೂ ಅದೇ ಹೊತ್ತಿಗೆ ಹೊಳೆಯಿತು. ಕಿವಿಗೆ ಕೈ ಒತ್ತಿಕೊಂಡು ಕಾರ್ಪೆಟ್ಟಿನ ಮೇಲೆ ಕೂತುಬಿಟ್ಟ. ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಬಾಗಿಲು ಎಳೆದುಕೊಂಡೆ. ಆ ಕೋಣೆ ಕಟ್ಟಿದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು, ಹೊರಗೆ ಬೆಂಚಿನಲ್ಲಿದ್ದ ಹೆಂಡತಿಗೆ ಏನೂ ಕೇಳಲಿಲ್ಲ.

ಅಳು ನಿಂತ ಮೇಲೆ ತುಂಡು ತುಂಡಾಗಿ ಹೇಳಿದ. ಗುಡ್ಡದ ಆಚೆ ಬದಿಗೆ ಇನ್ನೊಂದು ಕೋರೆ ಇದೆ. ಅವರೂ ಮಧ್ಯಾಹ್ನವೇ ಮದ್ದು ಹಾರಿಸುತ್ತಾರೆ, ಆದರೆ ಇವರದ್ದು ಮುಗಿದ ಮೇಲೆ. ಆವತ್ತು ಅವರು ಬೇಗ ಹಚ್ಚಿದ್ದರು. ಇವನು ಕೊನೆಯದೊಂದಕ್ಕೆ ಕಾಯುತ್ತಿದ್ದಾಗ ಅವರದ್ದು ಸಿಡಿಯಿತು. ನೆಲ ಅದುರಿತೋ ಇಲ್ಲವೋ ಎಂದು ಒಂದು ಗಳಿಗೆ ಅನುಮಾನ ಬಂದಿತ್ತಂತೆ. ಲೆಕ್ಕ ಸರಿಯಾಯಿತಲ್ಲ ಎಂದು ಕೈ ಎತ್ತಿದ. ಅಷ್ಟೇ.

"ಆಕಿಗೆ ಹೇಳಬ್ಯಾಡ್ರಿ," ಎಂದ.

ಮನೋವೈದ್ಯರೂ ಅದನ್ನೇ ಹೇಳಿದರು. ಅದು ಅವನು ಹೇಳಬೇಕಾದ ಮಾತು, ನೀನು ಬಾಯಿ ಬಿಡಬೇಡ. ಸರಿ ಎಂದೆ. ಆದರೆ ಪ್ರತಿ ವಾರ ಅವಳು ಬೆಂಚಿನಿಂದ ಎದ್ದು ಬಂದು "ಏನರ ಹೇಳಿದನೇನ್ರಿ?" ಎಂದು ಕೇಳುವಾಗ ಮುಖ ತಪ್ಪಿಸುವುದು ಸುಲಭವಾಗಿರಲಿಲ್ಲ. ಯಾರಿಗೂ ಹೇಳುವಂತಿಲ್ಲ. ಶುಕ್ರವಾರದ ಫೋನಿನಲ್ಲಿ ಗಂಡ "ಎಂತ ವಿಶೇಷ?" ಎಂದರೆ "ಎಂತದೂ ಇಲ್ಲ, ನೀವು ಹೇಳಿ" ಎನ್ನುತ್ತಿದ್ದೆ.

ಒಂದೇ ದಿನದಲ್ಲಿ ಗುಣವಾಯಿತು ಎಂದು ಯಾರೂ ತಿಳಿಯಬಾರದು. ಆವತ್ತು ಕೇಳಿದ ಕಿವಿ ಮರುದಿನ ಮತ್ತೆ ಮುಚ್ಚಿತು. ಆಮೇಲಿನ ವಾರಗಳಲ್ಲಿ ಬಂತು, ಹೋಯಿತು. ಒಮ್ಮೆ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಟೈರು ಒಡೆದ ಸದ್ದಿಗೆ ನೆಲಕ್ಕೆ ಬಿದ್ದು ನಡುಗಿ, ಪುನಃ ಪೂರಾ ಕಿವುಡನಾಗಿ ನನ್ನ ಮುಂದೆ ಕೂತಿದ್ದ. ಮನೋವೈದ್ಯರು ನಿದ್ದೆಗೆ ಮಾತ್ರೆ ಕೊಟ್ಟರು. ಎದೆ ಹೊಡೆದುಕೊಳ್ಳುವಾಗ ಪಾದ ನೆಲಕ್ಕೊತ್ತಿ ಉಸಿರನ್ನು ಮೆಲ್ಲ ಬಿಡುವುದನ್ನು ಕಲಿಸಿದರು. ಆ ದಿನ ನಡೆದದ್ದನ್ನು ಸ್ವಲ್ಪ ಸ್ವಲ್ಪವೇ ಹೇಳಿಸಿದರು, ತಡೆಯಲಾಗದಾಗ ನಿಲ್ಲಿಸಿದರು. ನನ್ನ ಪಾಲಿನದ್ದು ಸದ್ದಿನ ಕೆಲಸ. ಮೊದಲು ಗುಂಡಿ ಅವನ ಕೈಯಲ್ಲೇ, ಅವನು ಒತ್ತಿದಷ್ಟೇ ಅವನು ಕೇಳುವುದು. ಆಮೇಲೆ ನಾನು ಒತ್ತುವುದು, ಆದರೆ ಹೇಳಿ ಒತ್ತುವುದು. ಕಡೆಗೆ ಹೇಳದೆ. ಬೆರಳು ಎತ್ತುವುದನ್ನು ತೆಗೆದೇ ಹಾಕಿದೆ. ಕೇಳಿತು, ಕೇಳಲಿಲ್ಲ, ಗೊತ್ತಾಗಲಿಲ್ಲ, ಈ ಮೂರರಲ್ಲಿ ಯಾವುದು ಹೇಳಿದರೂ ಸರಿ ಎಂದೆ. ಮೊದಮೊದಲು ಗೊತ್ತಾಗಲಿಲ್ಲ ಎಂದೇ ಹೇಳುತ್ತಿದ್ದ. ಹಾಗೆ ಹೇಳಿದ್ದಕ್ಕೆ ಯಾರೂ ಬೈಯುವುದಿಲ್ಲ ಎಂದು ಧೈರ್ಯ ಬರಲಿಕ್ಕೇ ಒಂದು ತಿಂಗಳು ಬೇಕಾಯಿತು.

ಕೋರೆಯವರು ಅವನನ್ನು ಮದ್ದಿನ ಕೆಲಸದಿಂದ ಬಿಡಿಸಿ, ದೂರದ ಶೆಡ್ಡಿನಲ್ಲಿ ಕಲ್ಲು ನಯ ಮಾಡುವಲ್ಲಿಗೆ ಹಾಕಿದರು. ಉಳಿಯ ಸದ್ದು ಅವನಿಗೆ ತೊಂದರೆ ಮಾಡಲಿಲ್ಲ, ತನ್ನ ಕೈಯಿಂದಲೇ ಹುಟ್ಟುವ ಸದ್ದಲ್ಲವೇ. ಮಳೆಗಾಲ ಮುಗಿಯುವ ಹೊತ್ತಿಗೆ ಪರೀಕ್ಷೆಯ ಅಂಕೆಗಳು ಬಹುಪಾಲು ಸರಿಬಂದವು.

ಆಗ ಅವನೇ ಒಂದು ದೂರು ತಂದ. "ಆಕಿ ಮಾತಾಡಂಗಿಲ್ರೀ ಅಕ್ಕಾರ. ಕಿವಿ ಇಲ್ಲದಾಗ ಹಗಲೂ ರಾತ್ರಿ ಆಕಿ ಬಾಯಿ ಆಡತಿತ್ತು. ಈಗ ಊಟಕ್ಕ ಬಾ ಅನ್ನೂದೂ ಕೈ ಸನ್ನಿ."

ಅವಳನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಕುಡಿಸಿದೆ. ಲೋಟ ತಿರುಗಿಸುತ್ತಾ ಕೂತಳು. "ಕಿವಿ ಇಲ್ಲಲ್ಲಾ ಅಂತ ರಾತ್ರಿ ಮಗ್ಗಲಿಗೆ ಮಕ್ಕೊಂಡು ಏನೇನೋ ಅಂದೀನ್ರಿ. ನೀನ ಕೊಂದಿ ಅಂದೀನಿ. ಅವನ ಬದಲಿ ನೀ ಹೋಗಬೇಕಿತ್ತು ಅಂದೀನಿ. ಅಂದು ಅತ್ತು ಮಲಗತಿದ್ದೆ. ನೀವು ಮೊದಲ ದಿನಾನ ಕಿವಿಗೆ ಏನೂ ಆಗಿಲ್ಲ ಅಂದ್ರಿ. ಹಂಗಾರ ಎಲ್ಲಾ ಕೇಳ್ಯಾನೇನ್ರಿ?"

ಏನು ಹೇಳಲಿ? ಕಿವಿಗೆ ಮುಟ್ಟಿತ್ತು, ಅವನಿಗೆ ಮುಟ್ಟಿತ್ತೋ ಇಲ್ಲವೋ ನನಗೂ ತಿಳಿಯದು. ತಿಳಿಯದು ಎಂದೇ ಹೇಳಿದೆ. "ನೀವೇ ಕೇಳಿ ನೋಡಿ."

"ಎದುರಾಬದುರಾ ಕುಂತ್ರ ಬಾಯಿ ಬರಂಗಿಲ್ರಿ. ಇಬ್ರೂ ನೆಲಾ ನೋಡ್ತೀವಿ."

ಅವನಿಗೆ ಇನ್ನು ಉಳಿದಿದ್ದುದು ಮಾತಿನ ಪರೀಕ್ಷೆ ಒಂದು. ಸ್ವರ ಕೇಳಿದರೆ ಸಾಲದು, ಮಾತು ತಿಳಿಯುತ್ತದೋ ನೋಡಬೇಕು. ನಾನು ಮೈಕಿನಲ್ಲಿ ಒಂದೊಂದೇ ಶಬ್ದ ಹೇಳುವುದು, ಒಳಗಿರುವವರು ಕೇಳಿದ್ದನ್ನು ಹಾಗೇ ತಿರುಗಿ ಹೇಳುವುದು, ಮಟ್ಟವನ್ನು ಇಳಿಸುತ್ತಾ ಹೋಗುವುದು. ಅದಕ್ಕೆ ಶಬ್ದಗಳ ಪಟ್ಟಿ ಇರುತ್ತದೆ. ಆವತ್ತು ನಾನು ಪಟ್ಟಿಯನ್ನು ಡ್ರಾಯರಿಗೆ ಹಾಕಿ ಅವಳನ್ನು ಕರೆದು ಮೈಕಿನ ಮುಂದೆ ಕೂರಿಸಿದೆ. ನನ್ನ ಕರಾವಳಿಯ ಉಚ್ಚಾರ ಅವರಿಗೆ ಕಷ್ಟ ಆಗ್ತದೆ, ನೀವೇ ಹೇಳಿ, ಮನೆಯಲ್ಲಿ ಬಳಸುವ ಶಬ್ದಗಳು ಸಾಕು ಎಂದೆ. ಅರ್ಧ ನೆಪ, ಅರ್ಧ ನಿಜ.

ಗಾಜಿನಾಚೆ ಅವನು, ಈಚೆ ಅವಳು. ಮೊದಲು ಅವಳಿಗೆ ನಗು ಬಂತು. ಆಮೇಲೆ ಶುರು ಮಾಡಿದಳು. "ರೊಟ್ಟಿ." ಸ್ಪೀಕರಿನಲ್ಲಿ ಅವನ ದನಿ ಬಂತು, "ರೊಟ್ಟಿ." "ಬಿಂದಿಗಿ." "ಬಿಂದಿಗಿ." "ಜ್ವಾಳ." "ಜ್ವಾಳ." "ಕಂಬಳಿ." "ಕಂಬಳಿ." ನಾನು ಮಟ್ಟ ಇಳಿಸುತ್ತಾ ಹೋದೆ, ಅವನು ಒಂದನ್ನೂ ತಪ್ಪಲಿಲ್ಲ.

ಅವಳು ಮೈಕಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ಬಾಗಿದಳು. "ಏನ ಬೇಕಾದ್ರೂ ಅನ್ನಬೌದೇನ್ರಿ?"

"ಎಂತ ಬೇಕಾದರೂ ಹೇಳಿ."

ಅವಳು ತಮ್ಮನ ಹೆಸರು ಹೇಳಿದಳು. ದನಿ ಅಳೆಯುವ ಮುಳ್ಳು ಇದ್ದಲ್ಲಿಂದ ಕದಲಿತೋ ಇಲ್ಲವೋ, ಅಷ್ಟು ಮೆಲ್ಲಗೆ. ಕೇಳಿರಲಾರದು ಎಂದು ನಾನು ಮಟ್ಟ ಏರಿಸಲು ಕೈ ಚಾಚಿದೆ. ಅವನು ಕಣ್ಣು ಮುಚ್ಚಿದ್ದ. ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡೆ.

ಸ್ಪೀಕರಿನಲ್ಲಿ ಆ ಹೆಸರು ಬಂತು. ಮನೆಯಲ್ಲಿ ಕರೆಯುವಂತೆ ಕರೆದಿದ್ದ.

ಅವಳು ಮೈಕಿಗೆ ಇನ್ನೂ ಹತ್ತಿರವಾದಳು. "ಹೆಂಗ ತಪ್ಪಿತು?"

ಪರೀಕ್ಷೆಯ ನಿಯಮದ ಪ್ರಕಾರ ಅವನು ಅದನ್ನೇ ತಿರುಗಿ ಹೇಳಬೇಕಿತ್ತು. ಹೇಳಲಿಲ್ಲ. ಸ್ಪೀಕರಿನಲ್ಲಿ ಬೇರೆಯೇ ಮಾತು ಬಂತು. "ಕಡೀದು ಆ ಕಡೆ ಕ್ವಾರಿದು. ನಮ್ಮದಂತ ಎಣಿಸಿದೆ. ಅನುಮಾನ ಬಂದಿತ್ತು, ಆದ್ರೂ ಕೈ ಎತ್ತಿದೆ."

ಅವಳ ಎರಡೂ ಕೈ ಮೇಜಿನ ಅಂಚನ್ನು ಹಿಡಿದಿದ್ದವು. ಕೂಗುತ್ತಾಳೆ ಎಂದುಕೊಂಡೆ. ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ಮೂಗು ಒರೆಸಿಕೊಂಡು ಮತ್ತೆ ಮೈಕಿಗೆ ಬಾಗಿದಳು.

"ಇದನ್ನ ಇಷ್ಟು ದಿನ ಒಬ್ಬಾಂವನ ಹೊತಗೊಂಡು ಕುಂತಿದ್ದೇನು? ನಾ ಏನ ಸತ್ತಿದ್ನೇನು? ನನಗ ಬೇಕಾದಂಗ ಬೈತೀನಿ, ಅಳತೀನಿ, ನೀ ಕೇಳ್ಕೋಬೇಕು. ಕಿವಿ ಮುಚ್ಕೊಂಡು ಮತ್ತ ನನ್ನ ಒಬ್ಬಾಕಿನ್ನ ಮಾಡಬ್ಯಾಡ. ಕೇಳಸ್ತೇನು?"

ಅವನು ಕಣ್ಣು ತೆರೆದು ಗಾಜಿನ ಮೂಲಕ ಅವಳನ್ನೇ ನೋಡಿದ.

"ಕೇಳಸ್ತು," ಎಂದ.